ಜಿಪ್ಸಂ ತರುವ ಮೊದಲು ಮಣ್ಣು ನೋಡಿ

ಪ್ರಶ್ನೆ: ನಮ್ಮದು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕು. ಎರಡು ಎಕರೆ ಎರೆ ಹೊಲ, ಬೋರ್ ನೀರು. ಕಬ್ಬು ತೆಗೆದು ಸೂರ್ಯಪಾನ (ಸೂರ್ಯಕಾಂತಿ) ಬಿತ್ತಿದೆವು. ಅಲ್ಲಲ್ಲಿ ಮೊಳಕೆಯೇ ಬರಲಿಲ್ಲ. ಬಂದ ಗಿಡ ಗಿಡ್ಡ, ತೆನೆ ಅಂಗೈಯಷ್ಟು, ನಡುವೆ ಬರೀ ಜೊಳ್ಳು. ನೆಲ ಒಣಗಿದರೆ ಮೇಲೆ ಬೆಳ್ಳಗಾಗುತ್ತದೆ. ಎಲ್ಲರೂ ಜಿಪ್ಸಂ ಹಾಕು ಅನ್ನುತ್ತಾರೆ. ಎಷ್ಟು ಹಾಕಲಿ?

ಉತ್ತರ: ಸದ್ಯಕ್ಕೆ ಒಂದು ಚೀಲವೂ ಬೇಡ. ನಿಮ್ಮದು ಬರೀ ಉಪ್ಪಿನ ಸವುಳೋ, ಸೋಡಿಯಂ ಸೇರಿದ ಕ್ಷಾರವೋ, ಅದು ಮೊದಲು ಗೊತ್ತಾಗಬೇಕು. ಎರಡಕ್ಕೂ ಮದ್ದು ಬೇರೆ.

ಮೇಲೆ ಬಿಳಿ ಪುಡಿ, ಒಳಗೆ ಮಣ್ಣು ಸಡಿಲ ಇದ್ದರೆ ಸಾಮಾನ್ಯವಾಗಿ ಅದು ಉಪ್ಪು. ಇಂಥ ಮಣ್ಣಲ್ಲಿ ತೇವ ಇದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ನೀರು ಬಿಟ್ಟ ಮರುದಿನವೂ ಗಿಡ ಬಾಡಿದಂತೆ ಕಾಣುತ್ತದೆ, ಹಳೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಕ್ಷಾರ ಮಣ್ಣಿನ ಲಕ್ಷಣವೇ ಬೇರೆ. ಮಳೆ ನೀರು ದಿನಗಟ್ಟಲೆ ಮಡುಗಟ್ಟಿ ನಿಲ್ಲುತ್ತದೆ, ಒಣಗಿದರೆ ಕಲ್ಲಿನಂಥ ಹೆಪ್ಪು, ಮೊಳಕೆ ಅದನ್ನು ಒಡೆದು ಮೇಲೆ ಬರಲಾರದು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ, ಯಾಕೆಂದರೆ ಕಬ್ಬಿಣ ಸಿಗುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಮಳೆ ನೀರು ಹಾಕಿ (ಬೋರ್ ನೀರು ಬೇಡ), ಒಣ ಮಣ್ಣಿನ ಸಣ್ಣ ಹೆಂಟೆ ಬಿಡಿ, ಅಲುಗಾಡಿಸಬೇಡಿ. ಹೆಂಟೆ ಸುತ್ತ ಹಾಲಿನಂತೆ ಬಗ್ಗಡ ಹರಡಿದರೆ ಸೋಡಿಯಂ ಇದೆ ಎಂದರ್ಥ. ಆದರೆ ಉಪ್ಪೂ ಜಾಸ್ತಿ ಇದ್ದರೆ ಸೋಡಿಯಂ ಇದ್ದರೂ ನೀರು ತಿಳಿಯಾಗೇ ಉಳಿಯಬಹುದು, ಹಾಗಾಗಿ ಲ್ಯಾಬ್ ತಪ್ಪಿಸುವ ಹಾಗಿಲ್ಲ. ಬೆಳೆ ಚೆನ್ನಾಗಿರುವ ಜಾಗದ ಮಣ್ಣು, ಕೆಟ್ಟ ಜಾಗದ ಮಣ್ಣು ಬೇರೆ ಬೇರೆ ಕೊಡಿ. ಬೋರ್ ನೀರನ್ನೂ ಕೊಡಿ.

ವರದಿಯಲ್ಲಿ ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ಅಂಕಿ, ಡಿಎಸ್/ಮೀ ಲೆಕ್ಕದಲ್ಲಿ) 4ಕ್ಕಿಂತ ಜಾಸ್ತಿ, ಪಿಎಚ್ 8.5ರ ಒಳಗೆ, ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಪಾಲು (ಇಎಸ್‌ಪಿ) ಶೇ. 15ಕ್ಕಿಂತ ಕಡಿಮೆ ಇದ್ದರೆ ಅದು ಸವುಳು. ಸೋಡಿಯಂ 15 ದಾಟಿ ಪಿಎಚ್ 8.5 ಮೀರಿದರೆ ಕ್ಷಾರ. ಸೂರ್ಯಪಾನ ಸುಮಾರು 4.8 ಇಸಿವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಅಂಕಿಗೂ ಶೇ. 5ರಷ್ಟು ಇಳುವರಿ ಹೋಗುತ್ತದೆ. ಅಂದರೆ 8 ಬಂದರೆ ಶೇ. 16 ಹೋಯಿತು. ಈ ಅಂಕಿಗಳು ಮಣ್ಣನ್ನು ಕೆಸರಿನಂತೆ ಕಲಸಿ ಹಿಂಡಿ ತೆಗೆದ ನೀರಿನವು. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕಿ ಅಳೆದರೆ ಇಸಿ ಕಡಿಮೆ ತೋರಿಸುತ್ತದೆ. ಯಾವ ವಿಧಾನ ಅಂತ ಕೇಳಿಯೇ ಓದಿ.

ಬರೀ ಉಪ್ಪಾದರೆ ಜಿಪ್ಸಂ ದಂಡ. ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ತೊಳೆಯಬೇಕು. ಸೋಡಿಯಂ ಇದ್ದರೆ ಮಾತ್ರ ಲ್ಯಾಬ್ ಹೇಳಿದ ಲೆಕ್ಕಕ್ಕೆ ಜಿಪ್ಸಂ ಹಾಕಿ, ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ, ಹೊಲದಲ್ಲಿ ನೀರು ಕಟ್ಟಿ ಬಸಿಯಿರಿ. ಉಪ್ಪೂ ಸೋಡಿಯಮ್ಮೂ ಎರಡೂ ಇರುವಾಗ ಜಿಪ್ಸಂ ಇಲ್ಲದೆ ಸುಮ್ನೆ ತೊಳೆದರೆ ಎರೆ ಮಣ್ಣು ಇನ್ನೂ ಹೆಪ್ಪುಗಟ್ಟುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಎರಡರಲ್ಲೂ ನೀರು ಹೊರಗೆ ಹೋಗಲು ದಾರಿ ಬೇಕೇ ಬೇಕು.

ಮುಂದಿನ ಸಲ ಬೋದಿನ ನೆತ್ತಿಯಲ್ಲಿ ಬೀಜ ಹಾಕಬೇಡಿ, ಉಪ್ಪು ಏರಿ ಕೂರುವುದೇ ಅಲ್ಲಿ. ಪಕ್ಕದ ಇಳಿಜಾರಲ್ಲಿ ಹಾಕಿ.

ಜೊಳ್ಳಿಗೆ ಉಪ್ಪೊಂದೇ ಕಾರಣ ಅಲ್ಲ. ಹೂ ಬಿಡುವಾಗ ನೀರು ತಪ್ಪಿದರೂ, ಜೇನು ಬರದಿದ್ದರೂ, ಬೋರಾನ್ ಕಡಿಮೆಯಾದರೂ ಹೀಗಾಗುತ್ತದೆ. ಅಂಚಿನ ಹಳದಿ ಎಸಳು ಬಿಚ್ಚುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸುವುದು ರೂಢಿ. ಆದರೆ ಉಪ್ಪು ನೀರಿನ ಬೋರುಗಳಲ್ಲಿ ಬೋರಾನ್ ಮೊದಲೇ ಜಾಸ್ತಿ ಇರುವುದುಂಟು, ನೀರಿನ ವರದಿ ಕೈಗೆ ಬಂದ ಮೇಲೆ ನಿರ್ಧರಿಸಿ.