ಓದುಗರ ಪ್ರಶ್ನೆ, ನಮ್ಮ ಉತ್ತರ: ಗಡುವು ದಾಟಿದರೆ ಏನಾಗುತ್ತದೆ?

ಪ್ರಶ್ನೆ: ಕೆಲವು ದೇಶಗಳ ಹೊಸ ಸಂವಿಧಾನಗಳಲ್ಲಿ ‘ಇಂಥ ಕಾನೂನನ್ನು ಇಷ್ಟು ವರ್ಷದೊಳಗೆ ಮಾಡಲೇಬೇಕು’ ಎಂದು ಸಂಸತ್ತಿಗೇ ಗಡುವು ಹಾಕಿರುತ್ತಾರೆಂದೂ, ಆ ಬಗ್ಗೆ ಸದನದಲ್ಲಿ ಪ್ರಶ್ನೆಗಳು ಏಳುತ್ತವೆಂದೂ ಓದಿದೆ. ಗಡುವು ತಪ್ಪಿದರೆ ಸಂಸತ್ತನ್ನು ಕೇಳುವವರು ಯಾರು?
– ಕಾನೂನು ವಿದ್ಯಾರ್ಥಿನಿ, ಬೀದರ್

ಉತ್ತರ: ಕೇಳುವವರು ಯಾರೆಂಬುದನ್ನು ಆಯಾ ಸಂವಿಧಾನವೇ ಬರೆದಿಟ್ಟಿರಬೇಕು, ಬರೆದಿಲ್ಲವಾದರೆ ಕೇಳುವವರು ಯಾರೂ ಇಲ್ಲ. ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಬರೆದದ್ದು ಕೀನ್ಯಾ. 2010ರ ಆಗಸ್ಟ್ 27ರಂದು ಜಾರಿಗೆ ಬಂದ ಅಲ್ಲಿನ ಸಂವಿಧಾನದ ಐದನೆಯ ಅನುಸೂಚಿಯಲ್ಲಿ ಯಾವ ವಿಷಯದ ಕಾನೂನು ಎಷ್ಟು ಕಾಲದೊಳಗೆ ಆಗಬೇಕೆಂಬ ಪಟ್ಟಿಯೇ ಇದೆ. ಕೆಲವಕ್ಕೆ ಒಂದು ವರ್ಷ, ಕೆಲವಕ್ಕೆ ಐದು ವರ್ಷ. 261ನೇ ವಿಧಿಯ ಪ್ರಕಾರ ಗಡುವನ್ನು ಒಂದೇ ಒಂದು ಸಲ, ಅದೂ ಹೆಚ್ಚೆಂದರೆ ಒಂದು ವರ್ಷದ ಮಟ್ಟಿಗೆ ಮುಂದೂಡಬಹುದು. ಅದಕ್ಕೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನರ ಬೆಂಬಲ ಬೇಕು, ಅಸಾಧಾರಣ ಸಂದರ್ಭವಿದೆಯೆಂದು ಸಭಾಧ್ಯಕ್ಷರು ದೃಢೀಕರಿಸಬೇಕು. ಅಷ್ಟಾದರೂ ಕಾನೂನು ಆಗದಿದ್ದರೆ ಯಾವುದೇ ವ್ಯಕ್ತಿ ಹೈಕೋರ್ಟಿಗೆ ಹೋಗಬಹುದು. ನಮ್ಮಲ್ಲಿ ಅಂಥ ವಿಧಿಯಿದ್ದಿದ್ದರೆ ನೀವು ಕಲಬುರಗಿ ಪೀಠದ ಮೆಟ್ಟಿಲೇರಬಹುದಾಗಿತ್ತು ಎಂದಿಟ್ಟುಕೊಳ್ಳಿ. ನ್ಯಾಯಾಲಯ ಕಾಲ ಗೊತ್ತುಮಾಡಿ ಆದೇಶ ಕೊಟ್ಟ ಮೇಲೂ ಸಂಸತ್ತು ಕೆಲಸ ಮುಗಿಸದಿದ್ದರೆ, ಸಂಸತ್ತನ್ನು ವಿಸರ್ಜಿಸುವಂತೆ ಮುಖ್ಯ ನ್ಯಾಯಮೂರ್ತಿಗಳು ರಾಷ್ಟ್ರಾಧ್ಯಕ್ಷರಿಗೆ ಸಲಹೆ ನೀಡತಕ್ಕದ್ದು.

ಇದು ಕಾಗದದ ಮಾತಾಗಿಯಷ್ಟೇ ಉಳಿಯಲಿಲ್ಲ. ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಹೆಚ್ಚಿರಬಾರದೆಂಬ ನಿಯಮಕ್ಕೆ ಕಾನೂನು ಮಾಡದೆ ಸಂಸತ್ತು ವರ್ಷಗಟ್ಟಲೆ ಕಾಲ ತಳ್ಳಿದ್ದರಿಂದ, 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರು ರಾಷ್ಟ್ರಾಧ್ಯಕ್ಷ ಉಹುರು ಕೆನ್ಯಾಟ್ಟಾ ಅವರಿಗೆ ವಿಸರ್ಜನೆಯ ಸಲಹೆಯನ್ನು ಕೊಟ್ಟೇಬಿಟ್ಟರು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು, ಸಂಸತ್ತು ತನ್ನ ಅವಧಿ ಪೂರೈಸಿ 2022ರ ಆಗಸ್ಟ್‌ನಲ್ಲಿ ಚುನಾವಣೆಗೆ ಹೋಯಿತು. ಶಿಕ್ಷೆ ಅತಿ ದೊಡ್ಡದಾದರೆ ಅದನ್ನು ಜಾರಿ ಮಾಡುವ ಕೈಯೂ ನಡುಗುತ್ತದೆ ಎಂದು ನನಗೆ ಅನಿಸಿದ್ದು ಆಗ.

ನನಗೆ ಹೆಚ್ಚು ಜಾಣತನದ್ದೆಂದು ಕಾಣುವುದು ದಕ್ಷಿಣ ಆಫ್ರಿಕಾದ ಏರ್ಪಾಡು. ಅಲ್ಲಿ ಸಂವಿಧಾನ ಜಾರಿಯಾದದ್ದು 1997ರ ಫೆಬ್ರುವರಿ 4ರಂದು. ಮಾಹಿತಿ ಹಕ್ಕು ಮತ್ತು ನ್ಯಾಯಯುತ ಆಡಳಿತದ ಕಾನೂನುಗಳು ಮೂರು ವರ್ಷದೊಳಗೆ ಆಗದಿದ್ದರೆ, ಅಂಥ ಕಾನೂನು ಮಾಡಬೇಕೆನ್ನುವ ಉಪವಿಧಿಗಳೇ ಬಿದ್ದುಹೋಗುತ್ತವೆ ಎಂದು ಬರೆದಿದ್ದರು. ಆಡಳಿತದ ಮೇಲಿನ ಹೊರೆಯನ್ನು ತಗ್ಗಿಸುವ ಕ್ರಮಗಳನ್ನು ಕಾನೂನಿನಲ್ಲಿ ಸೇರಿಸಿಕೊಳ್ಳಬಹುದೆಂಬ ಅನುಕೂಲವೂ ಮಾಹಿತಿ ಹಕ್ಕಿನ ಆ ಉಪವಿಧಿಯಲ್ಲೇ ಇದ್ದುದರಿಂದ, ತಡಮಾಡಿದರೆ ಹಕ್ಕು ಉಳಿದು ಆ ಅನುಕೂಲ ಮಾತ್ರ ಹೋಗುತ್ತಿತ್ತು, ನಷ್ಟ ಸರ್ಕಾರದ್ದೇ ಆಗಿತ್ತು. ಎರಡೂ ಕಾನೂನುಗಳಿಗೆ ಅಂಕಿತ ಬಿದ್ದದ್ದು 2000ದ ಫೆಬ್ರುವರಿ 2 ಮತ್ತು 3ರಂದು, ಅಂದರೆ ಗಡುವಿನ ಹೊಸ್ತಿಲಿನಲ್ಲಿ. ನೇಪಾಳದಲ್ಲೂ ಇದೇ ಓಟ ನಡೆಯಿತು: 2015ರ ಸೆಪ್ಟೆಂಬರ್‌ನ ಸಂವಿಧಾನ ಮೂಲಭೂತ ಹಕ್ಕುಗಳ ಕಾನೂನಿಗೆ ಮೂರು ವರ್ಷ ಕೊಟ್ಟಿತ್ತು, ಅಲ್ಲಿನ ಸಂಸತ್ತು 2018ರ ಸೆಪ್ಟೆಂಬರ್‌ನಲ್ಲಿ ಮಸೂದೆಗಳನ್ನು ಸಾಲುಸಾಲಾಗಿ ಅಂಗೀಕರಿಸಿತು.

ಪ್ರಶ್ನೆ: ನಮ್ಮ ಸಂವಿಧಾನದಲ್ಲಿ ಇಂಥ ಗಡುವುಗಳಿಲ್ಲವೇ?
– ನಿವೃತ್ತ ಶಿಕ್ಷಕರು, ಸುರಪುರ

ಉತ್ತರ: ಇವೆ ಸರ್, ಆದರೆ ಹೆಚ್ಚಿನವು ನಮ್ಮ ಅಡತಿ ಅಂಗಡಿಯ ಮಾತಿನಂಥವು. ‘ತೊಗರಿ ರಾಶಿ ಆದ ಮೇಲೆ ಕೊಡ್ತೀನಿ’ ಎಂದರೆ ಅದು ವಾಯಿದೆಯೂ ಹೌದು, ಅಲ್ಲವೂ ಹೌದು. ಅಸ್ಪೃಶ್ಯತೆಯಂಥ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾನೂನನ್ನು ಸಂಸತ್ತು ‘ಆದಷ್ಟು ಬೇಗ’ ಮಾಡತಕ್ಕದ್ದು ಎಂದು 35ನೇ ವಿಧಿ ಹೇಳಿತು. ಅಸ್ಪೃಶ್ಯತೆಯ ಕಾನೂನು ಬಂದದ್ದು 1955ರಲ್ಲಿ. ತಾರೀಖು ಸ್ಪಷ್ಟವಾಗಿದ್ದ ಕಡೆಯೂ ಕಥೆ ಬೇರೆಯಾಗಲಿಲ್ಲ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ‘ಹತ್ತು ವರ್ಷದೊಳಗೆ’ ಪ್ರಯತ್ನಿಸಬೇಕೆಂದು ಮೂಲ 45ನೇ ವಿಧಿ ಹೇಳಿತ್ತು. ಆ ಹತ್ತು ವರ್ಷ 1960ರ ಜನವರಿಯಲ್ಲಿ ಮುಗಿಯಿತು. ಅದು ನಿರ್ದೇಶಕ ತತ್ವವಾದ್ದರಿಂದ ಯಾವ ನ್ಯಾಯಾಲಯವೂ ಅದನ್ನು ಜಾರಿಗೊಳಿಸುವಂತಿರಲಿಲ್ಲ. 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 86ನೇ ತಿದ್ದುಪಡಿಯಾಗಿ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂದು, ಅದು ಜಾರಿಯಾದದ್ದು 2010ರ ಏಪ್ರಿಲ್ 1ರಂದು. ನೀವು ಪಾಠ ಹೇಳಿದ ಕಾಲದ ಬಹುಪಾಲು ಈ ನಡುವಿನ ಐವತ್ತು ವರ್ಷಗಳೊಳಗೇ ಕಳೆದಿರಬೇಕು.

ಗಡುವು ನಿಜವಾಗಿ ನಡೆದದ್ದು ಪಂಚಾಯತಿಯ ವಿಷಯದಲ್ಲಿ. ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದು 1993ರ ಏಪ್ರಿಲ್ 24ರಂದು. ಅದಕ್ಕೆ ಹೊಂದದ ಹಳೆಯ ರಾಜ್ಯ ಕಾನೂನುಗಳು ಒಂದು ವರ್ಷ ಮಾತ್ರ ಉಸಿರಾಡಬಹುದಿತ್ತು, ಆಮೇಲೆ ತಾವಾಗಿಯೇ ನಿಂತುಹೋಗುತ್ತಿದ್ದವು. ಕರ್ನಾಟಕದ ಹೊಸ ಪಂಚಾಯತ್ ರಾಜ್ ಅಧಿನಿಯಮ ಮೇ 10ಕ್ಕೇ ಜಾರಿಗೆ ಬಂತು, ಹದಿನಾರು ದಿನಗಳಲ್ಲಿ. ಇಲ್ಲಿ ಯಾರನ್ನೂ ವಿಸರ್ಜಿಸುವ ಬೆದರಿಕೆ ಇರಲಿಲ್ಲ. ಕೈಯಲ್ಲಿದ್ದ ಕಾನೂನು ಹೋಗುತ್ತದೆಂಬ ಒಂದು ಸಾಲು ಇತ್ತು, ಅಷ್ಟೆ.

ಪ್ರಶ್ನೆ: ನಮ್ಮ ಭಾಗದ 371(ಜೆ) ವಿಧಿಗೆ ಗಡುವು ಇದೆಯೇ? ಈ ಬಗ್ಗೆ ನಮ್ಮ ಶಾಸಕರಿಂದ ಪ್ರಶ್ನೆ ಕೇಳಿಸಿದರೆ ಪ್ರಯೋಜನವಾದೀತೆ?
– ಉದ್ಯೋಗಾಕಾಂಕ್ಷಿ, ಕಲಬುರಗಿ

ಉತ್ತರ: ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿಗೂ ಅವಕಾಶ ಕೊಡುವ ಈ ಇಡೀ ವಿಧಿಯಲ್ಲಿ ಕಾಲವನ್ನು ಹೇಳುವ ಮಾತು ಒಂದೇ: ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ‘ಪ್ರತಿ ವರ್ಷ’ ವಿಧಾನಸಭೆಯ ಮುಂದಿಡಬೇಕು. ಹುದ್ದೆಗಳನ್ನು ಯಾವಾಗ ತುಂಬಬೇಕೆಂಬುದಕ್ಕೆ ಅದರಲ್ಲಿ ತಾರೀಖಿಲ್ಲ. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ನೇಮಕಾತಿ ಮೀಸಲಾತಿಯ ಆದೇಶ 2013ರಲ್ಲೇ ಹೊರಬಿದ್ದಿತಾದರೂ, ಖಾಲಿ ಹುದ್ದೆ ತುಂಬುವ ವೇಗ ಸರ್ಕಾರದ ಇಚ್ಛೆಗೇ ಉಳಿಯಿತು.

ಪ್ರಶ್ನೆ ಕೇಳಿಸುವುದರಿಂದ ಪ್ರಯೋಜನವಿದೆ, ಆದರೆ ಪ್ರಶ್ನೆಯನ್ನು ಬರೆಯುವ ರೀತಿಯಲ್ಲಿದೆ. ವಿಧಾನಮಂಡಲದ ಉತ್ತರದ ಹಾಳೆಯನ್ನು ಒಮ್ಮೆ ನೋಡಿ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಪಕ್ಕದಲ್ಲಿ ಅ, ಆ, ಇ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ಎದುರಿಗೆ ‘ಬಂದಿದೆ’ ಎಂಬ ಒಂದೇ ಪದ. ‘ಬಂದಿಲ್ಲ’ ಎಂದಿದ್ದರೆ ಕೆಳಗಿನ ಎರಡು ಪ್ರಶ್ನೆಗಳಿಗೂ ‘ಉದ್ಭವಿಸುವುದಿಲ್ಲ’. ‘ಕ್ರಮ ಕೈಗೊಳ್ಳಲಾಗುವುದೇ?’ ಎಂದರೆ ‘ಪರಿಶೀಲನೆಯಲ್ಲಿದೆ’. ಹೀಗೆ ಹೌದು, ಅಲ್ಲ ಎಂದು ಮುಗಿಸಲು ಬರುವ ಪ್ರಶ್ನೆಗೆ ಸರ್ಕಾರ ಏನನ್ನೂ ಕಳೆದುಕೊಳ್ಳದೆ ಉತ್ತರಿಸಬಲ್ಲದು. ಲೋಕಸಭೆಯಲ್ಲಾದರೆ ಸಚಿವರ ಭರವಸೆಯನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನುಹತ್ತುತ್ತದೆ, ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ಪದ್ಧತಿಯೂ ಇದೆ. ಆದರೆ ಉತ್ತರದಲ್ಲಿ ಭರವಸೆಯೇ ಇಲ್ಲದಿದ್ದರೆ ಸಮಿತಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಶಾಸಕರಿಗೆ ಕೊಡುವ ಚೀಟಿಯಲ್ಲಿ ಹೀಗೆ ಬರೆಯಿರಿ: 371(ಜೆ) ಅಡಿ ಇಲಾಖಾವಾರು ಖಾಲಿ ಇರುವ ಹುದ್ದೆಗಳೆಷ್ಟು, ಪ್ರತಿ ಹುದ್ದೆ ಯಾವ ದಿನಾಂಕದಿಂದ ಖಾಲಿಯಿದೆ, ಭರ್ತಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಕೇಳಿದ ದಿನಾಂಕ ಯಾವುದು, ಸಿಕ್ಕ ದಿನಾಂಕ ಯಾವುದು, ಮಂಡಳಿಯ ವಾರ್ಷಿಕ ವರದಿಗಳನ್ನು ಸದನದ ಮುಂದಿಟ್ಟ ದಿನಾಂಕಗಳು ಯಾವುವು. ಉತ್ತರ ಬಂದ ಮೇಲೆ ಹಾಳೆಯ ಒಂದು ಪ್ರತಿಯನ್ನು ನಮಗೂ ಕಳುಹಿಸಿ.