ಗುಲ್ಮಾರ್ಗ್‌ನಲ್ಲಿ ಗೈಡ್ ಬೇಕೇ ಬೇಕಾ?

ಬೇಸಿಕ್ ಸ್ಕೀ ಕೋರ್ಸ್ ಮುಗಿದಿದೆ, ಫೆಬ್ರವರಿಯಲ್ಲಿ ಗುಲ್ಮಾರ್ಗ್ ಗೊಂಡೋಲಾದ (ರೋಪ್‌ವೇ) ಎರಡನೇ ಹಂತ ಹತ್ತಿ ಗೈಡ್ ಇಲ್ಲದೆ ಇಳಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಆ ಹಂತ ನಿಮ್ಮನ್ನು ಅಫರ್ವಟ್ ಬೆಟ್ಟದಲ್ಲಿ 4,000 ಮೀಟರ್ ಹತ್ತಿರ ಬಿಡುತ್ತದೆ. ಗಾಳಿ ಹೊಸ ಹಿಮವನ್ನು ಒಂದು ಮಗ್ಗುಲಿಗೆ ಒಟ್ಟಿರುತ್ತದೆ, ಅಡಿಯ ಪದರಕ್ಕೆ ಅದು ಸರಿಯಾಗಿ ಅಂಟಿರುವುದಿಲ್ಲ. ನೋಡಲು ಮಾತ್ರ ಚೆನ್ನಾಗೇ ಕಾಣುತ್ತದೆ. 2024ರ ಫೆಬ್ರವರಿಯಲ್ಲಿ ಅಲ್ಲೇ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು.

ಗೈಡ್ ಇದ್ದರೂ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಮೂರೂ ನಿಮ್ಮ ಹತ್ತಿರ ಇರಲೇಬೇಕು. ಹೂತವರನ್ನು 10-15 ನಿಮಿಷದೊಳಗೆ ತೆಗೆಯಬೇಕು, ಹೊರಗಿನ ಸಹಾಯ ಅಷ್ಟು ಬೇಗ ಬರುವುದಿಲ್ಲ. ಬೆಂಗಳೂರಲ್ಲೇ ಅಭ್ಯಾಸ ಮಾಡಿ. ಕಬ್ಬನ್ ಪಾರ್ಕಿನ ತರಗೆಲೆ ಕೆಳಗೆ ಸ್ನೇಹಿತರು ಒಂದು ಟ್ರಾನ್ಸೀವರ್ ಬಚ್ಚಿಡಲಿ, ನೀವು ಹುಡುಕಿ. ಕೊನೆಯ ಮೂರು ಮೀಟರಿನಲ್ಲಿ ನಿಮ್ಮದನ್ನು ನೆಲದ ಹತ್ತಿರ ಹಿಡಿದು ನಿಧಾನವಾಗಿ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಸರಿಸಬೇಕು. ಗಡಿಬಿಡಿ ಆಗುವುದು ಅಲ್ಲೇ.

ಟೂರಿಂಗ್, ಅಂದರೆ ಸ್ಕೀ ಹಾಕಿಕೊಂಡೇ ಬೆಟ್ಟ ಹತ್ತಿ ಇಳಿಯುವುದು, ಈ ಸಲ ಬಿಡಿ. ಸ್ಕೀ ತಳಕ್ಕೆ ಸ್ಕಿನ್ (ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ) ಅಂಟಿಸಿಕೊಂಡು ಹತ್ತುವುದು ಬೇಗ ಬರುತ್ತದೆ, ದಣಿದ ಕಾಲಲ್ಲಿ ಪುಡಿಹಿಮದಲ್ಲಿ ಇಳಿಯುವುದೇ ಕಷ್ಟ. ಸುಮ್ನೆ ಜಿಮ್‌ಗೆ ದುಡ್ಡು ಹಾಕಬೇಡಿ, ನಂದಿಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಗೈಡ್ ಗೊತ್ತು ಮಾಡುವಾಗ ಹಿಮಕುಸಿತದ ತರಬೇತಿ ಎಲ್ಲಿ ಪಡೆದರು ಅಂತ ನೇರವಾಗಿ ಕೇಳಿ, ಒಳ್ಳೆಯ ಗೈಡ್ ಬೇಜಾರು ಮಾಡಿಕೊಳ್ಳುವುದಿಲ್ಲ.