ಹೆಸರಲ್ಲಿ ‘ಸೈಂಟ್’ ಇದ್ದರೆ ಸಾಕಾ?

ಕಾಪು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಮಗಳು ಬರುವ ಜೂನ್‌ಗೆ ಒಂದನೇ ಕ್ಲಾಸು. ಗಂಡ ಗಲ್ಫ್‌ನಲ್ಲಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅನುದಾನಿತ ಕನ್ನಡ ಶಾಲೆ ಇದೆ. 11 ಕಿಲೋಮೀಟರ್ ಆಚೆ ಪೇಟೆಯಲ್ಲಿ ಸಿಸ್ಟರ್‌ಗಳು ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆ ಇದೆ. ಗಂಡನಿಗೆ ಕಾನ್ವೆಂಟೇ ಆಗಬೇಕು. ಅತ್ತೆಗೆ ಬೇಡವೇ ಬೇಡ, ‘ಅಲ್ಲಿಗೆ ಹಾಕಿದರೆ ಮಗು ಹಣೆಗೆ ಬೊಟ್ಟು ಇಡುವುದನ್ನೇ ಬಿಡುತ್ತದೆ’ ಅಂತ. ‘ನಡುವಲ್ಲಿ ಸಿಕ್ಕಿಬಿದ್ದವಳು ನಾನು. ಕ್ರಿಶ್ಚಿಯನ್ ಶಾಲೆಗೆ ಹಾಕುವ ಮೊದಲು ನಮ್ಮಂಥವರು ಎಂತೆಲ್ಲ ತಿಳಿದುಕೊಂಡಿರಬೇಕು, ಮುಲಾಜಿಲ್ಲದೆ ಹೇಳಿ ಸರ್’ ಎಂದು ಕೇಳಿದ್ದಾರೆ.

ಹೇಳುತ್ತೇನೆ. ನಿಮ್ಮ ಗಂಡ ಮತ್ತು ಅತ್ತೆ ಇಬ್ಬರೂ ಜಗಳ ಆಡುತ್ತಿರುವುದು ‘ಕಾನ್ವೆಂಟ್’ ಎಂಬ ಶಬ್ದದ ಮೇಲೆ. ಆ ಶಾಲೆಯ ಮೇಲೆ ಅಲ್ಲ. ಇಬ್ಬರೂ ಅದರ ಗೇಟು ದಾಟಿ ಒಳಗೆ ಹೋದ ಹಾಗೆ ನಿಮ್ಮ ಪತ್ರದಲ್ಲಂತೂ ಕಾಣುವುದಿಲ್ಲ.

ನಮ್ಮ ಊರುಗಳಲ್ಲಿ ಇಂಗ್ಲಿಷ್ ಮೀಡಿಯಂ ಎಲ್ಲವೂ ಕಾನ್ವೆಂಟೇ, ಅಲ್ವಾ? ಮಠದವರು ನಡೆಸುವ ಇಂಗ್ಲಿಷ್ ಶಾಲೆಗೂ ‘ಕಾನ್ವೆಂಟಿಗೆ ಹೋಗ್ತಾನೆ’ ಎನ್ನುವವರನ್ನು ನಾನೇ ಕೇಳಿದ್ದೇನೆ. ಪ್ರೊಟೆಸ್ಟಂಟರಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಸುವಿಟ್ ಪಾದ್ರಿಗಳು ಸೈಂಟ್ ಅಲೋಶಿಯಸ್ ಶುರುಮಾಡಿದ್ದು 1880ರಲ್ಲಿ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳ ಸೈಂಟ್ ಆಗ್ನೆಸ್ ಕಾಲೇಜು 1921ರದ್ದು, ಬೆಂದೂರಿನಲ್ಲಿ ಬೆಥನಿ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಇವರೆಲ್ಲ ಒಂದೇ ಮನೆಯವರಲ್ಲ. ಬಾಸೆಲ್ ಮಿಶನ್ ಪರಂಪರೆಯ ಶಾಲೆಗಳು ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಕಡೆಗೆ. ಕಥೋಲಿಕರಲ್ಲಿ ಧರ್ಮಪ್ರಾಂತ್ಯ, ಅಂದರೆ ಬಿಷಪರ ಆಡಳಿತ, ನಡೆಸುವ ಶಾಲೆಗಳು ಬೇರೆ, ಸಿಸ್ಟರ್‌ಗಳ ಒಂದೊಂದು ಸಂಸ್ಥೆ ನಡೆಸುವ ಶಾಲೆಗಳು ಬೇರೆ. ಉಡುಪಿಗೆ 2012ರಿಂದ ಪ್ರತ್ಯೇಕ ಧರ್ಮಪ್ರಾಂತ್ಯವೇ ಇದೆ. ಇದಿಷ್ಟೂ ಸಾಲದೆಂಬಂತೆ ಯಾರೋ ನಾಲ್ಕು ಜನ ಒಂದು ಟ್ರಸ್ಟ್ ಮಾಡಿ, ಯಾವ ಚರ್ಚಿಗೂ ಸಂಬಂಧವಿಲ್ಲದೆ, ಹೆಸರಿಗೆ ಮುಂಚೆ ‘ಸೈಂಟ್’ ಸೇರಿಸಿ ಬೋರ್ಡು ಹಾಕಿದ ಶಾಲೆಗಳೂ ಇರುತ್ತವೆ.

ಹಾಗಾಗಿ ಮೊದಲ ಪ್ರಶ್ನೆ: ನಡೆಸುವವರು ಯಾರು? ಇದು ಸುಮ್ನೆ ಕುತೂಹಲಕ್ಕಲ್ಲ. ನಾಳೆ ಏನಾದರೂ ತಕರಾರು ಬಂತು ಅಂತಿಟ್ಟುಕೊಳ್ಳಿ, ಹೆಡ್ಮಿಸ್ಟ್ರೆಸ್ ಮೇಲೆ ಯಾರಿದ್ದಾರೆ, ಯಾರ ಹತ್ತಿರ ಹೋಗಿ ಹೇಳಬೇಕು ಎನ್ನುವುದು ಇದರಲ್ಲೇ ಇದೆ. ಇನ್ನೊಂದು, ಸಿಸ್ಟರ್‌ಗಳಿಗೆ ಟ್ರಾನ್ಸ್‌ಫರ್ ಇರುತ್ತದೆ. ನಿಮಗೆ ಹಿಡಿಸಿದ ಸಿಸ್ಟರ್ ನಿಮ್ಮ ಮಗಳು ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಬೇರೆ ಊರಲ್ಲಿರಬಹುದು. ಹದಿನೈದು ವರ್ಷದಿಂದ ಅಲ್ಲೇ ಇರುವ ಟೀಚರ್‌ಗಳು ಎಷ್ಟು ಜನ ಎಂದು ಕೇಳಿ. ಶಾಲೆಯ ಗುಣ ಅವರ ಕೈಯಲ್ಲಿದೆ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕಬೇಡಿ. ಮೊಮ್ಮಗಳು ಮನೆಯ ರೀತಿ ಬಿಡುತ್ತಾಳಾ ಎಂಬ ಭಯ ಯಾವ ಅಜ್ಜಿಗಾದರೂ ಇರುವುದೇ. ಆದರೆ ಕಾನೂನು ಏನು ಹೇಳುತ್ತದೆ ಎಂದು ಅವರಿಗೆ ಓದಿ ಹೇಳಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದರ ಹಿಂದೆಯೇ 28(3) ಇದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಮಗುವನ್ನು ಧರ್ಮಬೋಧನೆಯ ಕ್ಲಾಸಿಗೋ ಪೂಜೆ ಪ್ರಾರ್ಥನೆಗೋ ಕೂರಿಸುವ ಹಾಗಿಲ್ಲ, ಹೆತ್ತವರ ಒಪ್ಪಿಗೆ ಇಲ್ಲದೆ. ಮಗು ಚಿಕ್ಕದಾದ್ದರಿಂದ ಒಪ್ಪಿಗೆ ಕೊಡಬೇಕಾದವರು ನೀವು. ಈ ವಿಧಿ ಕ್ರಿಶ್ಚಿಯನ್ ಶಾಲೆಗೆ ಎಷ್ಟೋ ಮಠದ ಶಾಲೆಗೂ ಮದರಸಾದವರ ಶಾಲೆಗೂ ಅಷ್ಟೇ.

ಕಾನೂನು ಇದೆ ಎಂದಾಕ್ಷಣ ಎಲ್ಲ ನೇರ ಎಂದು ನಾನು ಹೇಳುತ್ತಿಲ್ಲ. ಅಡ್ಮಿಶನ್ ದಿನ ಹತ್ತು ಕಡೆ ಸಹಿ ಹಾಕಿಸುತ್ತಾರೆ, ನಾವು ಮೊಬೈಲು ನೋಡುತ್ತಾ ಹಾಕುತ್ತೇವೆ. ‘ಶಾಲೆಯ ಎಲ್ಲ ಚಟುವಟಿಕೆಗಳಲ್ಲಿ ಭಾಗವಹಿಸಲು ಒಪ್ಪಿಗೆ’ ಎಂಬ ಸಾಲು ಅದರಲ್ಲಿ ಎಲ್ಲೋ ಇರುತ್ತದೆ. ಓದಿ. ಆಮೇಲೆ ನೇರವಾಗಿ ಕೇಳಿ: ಬೆಳಗ್ಗಿನ ಅಸೆಂಬ್ಲಿಯಲ್ಲಿ ಯಾವ ಪ್ರಾರ್ಥನೆ? ಕ್ರೈಸ್ತ ಮಕ್ಕಳು ದೊತೊರ್ನ್ (ಕ್ರೈಸ್ತ ಧರ್ಮೋಪದೇಶದ) ಕ್ಲಾಸಿಗೆ ಹೋದಾಗ ಉಳಿದ ಮಕ್ಕಳಿಗೆ ಏನು ಪಾಠ? ಹೆಚ್ಚಿನ ಕಡೆ ಆ ಪಿರಿಯಡ್‌ನಲ್ಲಿ ಮೌಲ್ಯ ಶಿಕ್ಷಣ ಅಂತ ಇರುತ್ತದೆ, ಪುಸ್ತಕವೂ ಇರುತ್ತದೆ. ಪುಸ್ತಕ ತೋರಿಸಿ ಎನ್ನಿ. ಬೊಟ್ಟು, ಬಳೆ, ಹೂವು, ಕೈಗೆ ಕಟ್ಟಿದ ನೂಲು, ತಲೆಗೆ ಹಾಕುವ ಶಾಲು, ಇವುಗಳ ಬಗ್ಗೆ ನಿಮ್ಮ ನಿಯಮ ಏನು? ಉಡುಪಿಯವರಿಗೆ ನಾನು ಹೇಳಬೇಕಾಗಿಲ್ಲ, ಸಮವಸ್ತ್ರದ ಜತೆ ಹಿಜಾಬ್ ಹಾಕುವ ವಿಷಯ 2022ರಲ್ಲಿ ಇಲ್ಲಿಂದ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಅದೂ ಸರಕಾರಿ ಕಾಲೇಜಿನಿಂದ ಶುರುವಾದದ್ದು. ಅಡ್ಮಿಶನ್‌ಗೆ ಮೊದಲು ಕೇಳಿದರೆ ಅದು ಬರೀ ಪ್ರಶ್ನೆ. ಅಕ್ಟೋಬರಿನಲ್ಲಿ ಕೇಳಿದರೆ ಗಲಾಟೆ.

ಫಾರಂನಲ್ಲಿ ‘ಚರ್ಚ್’ ಎಂಬ ಕಾಲಂ ಕಂಡು ಗಾಬರಿಯಾಗಬೇಡಿ. ಅಲ್ಪಸಂಖ್ಯಾತ ಸಂಸ್ಥೆಗಳು ತಮ್ಮವರಿಗೆ ಮೊದಲ ಆದ್ಯತೆ ಕೊಡುವುದುಂಟು, ಅದಕ್ಕೆ ಆ ಕಾಲಂ. ಖಾಲಿ ಬಿಡಿ.

ಒಂದು ಸಂಗತಿ ಅತ್ತೆಯವರ ಕಿವಿಗೆ ಹಾಕಿ. ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವವರಲ್ಲಿ ನಮ್ಮ ಕಡೆಯ ಎಷ್ಟೋ ಅತ್ತೆಯಂದಿರು ಇದ್ದಾರೆ. ನಿಮ್ಮವರೂ ಇರಬಹುದು. ಬತ್ತಿ ಹಚ್ಚಿ ಬಂದು ಮರುದಿನ ನಾಗನಿಗೆ ಹಾಲು ಎರೆದವರು ಅವರು. ಮಗು ಡಿಸೆಂಬರಿನಲ್ಲಿ ಗೋದಲಿ, ಅಂದರೆ ಕ್ರಿಸ್ಮಸ್ಸಿನ ಪುಟ್ಟ ಕೊಟ್ಟಿಗೆ, ಕಟ್ಟಲು ಬೈಹುಲ್ಲು ಕೇಳಿದರೆ ಮನೆ ಮುಳುಗುವುದಿಲ್ಲ. ಆದರೆ ‘ನಿಮ್ಮ ಮನೆಯಲ್ಲಿ ಮಾಡುವುದೆಲ್ಲ ಮೂಢನಂಬಿಕೆ’ ಅಂತ ಯಾವುದಾದರೂ ಟೀಚರ್ ಹೇಳಿದ್ದು ಮಗುವಿನ ಬಾಯಿಂದ ಬಂದರೆ, ಅದನ್ನು ಅದೇ ವಾರ ಹೋಗಿ ಕೇಳಬೇಕು. ಸ್ವರ ಎತ್ತದೆ, ಬರಹದಲ್ಲಿ.

ದುಡ್ಡಿನ ವಿಷಯ. ‘ಸಿಸ್ಟರ್‌ಗಳ ಶಾಲೆ, ಫೀಸು ಕಡಿಮೆ ಇರುತ್ತದಲ್ಲ’ ಎಂದು ಬರೆದಿದ್ದೀರಿ. ಇರಬಹುದು, ಇಲ್ಲದೆಯೂ ಇರಬಹುದು. ಅನುದಾನಿತ ಶಾಲೆ ಅಂದರೆ ಟೀಚರ್‌ಗಳ ಸಂಬಳ ಸರಕಾರದ್ದು, ಮಕ್ಕಳಿಗೆ ಬಿಸಿಯೂಟ ಇದೆ, ಪಠ್ಯಪುಸ್ತಕ ಸಿಗುತ್ತದೆ. ಅನುದಾನರಹಿತ ಅಂದರೆ ಸಂಬಳ ಬರುವುದು ನಿಮ್ಮ ಫೀಸಿನಿಂದಲೇ. ಒಂದೇ ಕಂಪೌಂಡಿನಲ್ಲಿ ಒಂದೇ ಮ್ಯಾನೇಜ್‌ಮೆಂಟಿನ ಎರಡೂ ಬಗೆ ಇರುವುದು ನಮ್ಮಲ್ಲಿ ಮಾಮೂಲು. ಹಳೆ ಹೆಂಚಿನ ಕಟ್ಟಡ ಕನ್ನಡ ಮೀಡಿಯಂ ಅನುದಾನಿತ, ಎದುರಿನ ಮೂರು ಮಾಳಿಗೆ ಇಂಗ್ಲಿಷ್ ಮೀಡಿಯಂ. ಗೇಟು ಒಂದೇ, ಲೆಕ್ಕ ಎರಡು.

ಆರ್‌ಟಿಇ ಸೀಟಿನ ಆಸೆ ಇಟ್ಟುಕೊಂಡಿದ್ದೀರಿ ಅನ್ನಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ (ಅದೇ ಆರ್‌ಟಿಇ) ಬಡ, ಹಿಂದುಳಿದ ಮಕ್ಕಳಿಗೆ ಶೇಕಡಾ 25 ಉಚಿತ ಸೀಟು ಕೊಡುವ ನಿಯಮ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತು. ಆ ಆಸೆ ಬಿಡಿ. ಬದಲಿಗೆ ಸ್ಕಾಲರ್‌ಶಿಪ್ ಇದೆಯಾ, ಕಂತು ಇದೆಯಾ ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಎಂತದ್ದು? ಇನ್ನು ಡೊನೇಷನ್. ಟಿ.ಎಂ.ಎ. ಪೈ ಫೌಂಡೇಶನ್ ಕೇಸು ಅಂತ ಒಂದಿದೆ, ಹೌದು ಮಾರಾಯ್ರೆ, ನಮ್ಮ ಮಣಿಪಾಲದ್ದೇ, 2002ರಲ್ಲಿ 11 ಜಡ್ಜರು ಕೂತು ತೀರ್ಪು ಕೊಟ್ಟದ್ದು. ಅನುದಾನ ಪಡೆಯದ ಸಂಸ್ಥೆ ತನ್ನ ಫೀಸು ತಾನೇ ಗೊತ್ತುಮಾಡಬಹುದು, ಶಾಲೆ ಬೆಳೆಸಲು ಒಂದಿಷ್ಟು ಉಳಿಸಲೂಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ (ಸೀಟಿಗೆಂದು ಫೀಸಿನ ಮೇಲೆ ಹಣ ಕೀಳುವುದು) ಕೂಡದು ಎಂದು ಅದರಲ್ಲಿದೆ. ‘ಬಿಲ್ಡಿಂಗ್ ಫಂಡ್’ ಅಂದರೆ ರಶೀದಿ ಕೇಳಿ. ರಶೀದಿ ಇಲ್ಲ ಎಂದರೆ ಅಲ್ಲಿಗೇ ನಿಮಗೆ ಉತ್ತರ ಸಿಕ್ಕಿತು.

ನಾನು ಪೆಟ್ಟು ತಿಂದದ್ದು ಟರ್ಮ್ ಫೀಸಿನಲ್ಲಿ ಅಲ್ಲ. ನನ್ನ ಮಗಳ ಶಾಲೆ, ಹೆಸರು ಬೇಡ, ಫೀಸು ನಿಜಕ್ಕೂ ಕಡಿಮೆಯೇ ಇತ್ತು. ವಾರ್ಷಿಕೋತ್ಸವದ ಡ್ರೆಸ್ಸಿಗೆ ಅಂತ ಒಂದು ಚೀಟಿ, ಬುಧವಾರದ ಬಿಳಿ ಯೂನಿಫಾರ್ಮಿಗೆ ಬಿಳಿ ಶೂ, ಶಾಲೆಯಲ್ಲೇ ಕೊಳ್ಳಬೇಕಾದ ನೋಟ್‌ಬುಕ್ಕು, ಪಿಕ್‌ನಿಕ್ಕು, ಕಂಪ್ಯೂಟರ್ ಲ್ಯಾಬು, ಹೀಗೆ ಡೈರಿಯಲ್ಲಿ ಸ್ಟೇಪಲ್ ಆಗಿ ಬಂದ ಚೀಟಿಗಳನ್ನು ಹೆಂಡತಿ ಒಂದು ಬಿಸ್ಕೆಟ್ ಡಬ್ಬದಲ್ಲಿ ಕೂಡಿಡುತ್ತಿದ್ದಳು. ಏಪ್ರಿಲಿನಲ್ಲಿ ಕೂಡಿಸಿ ನೋಡಿದಾಗ ಟರ್ಮ್ ಫೀಸಿನ ಹತ್ತಿರಹತ್ತಿರ ಬಂದು ನಿಂತಿತು. ಹಾಗಾಗಿ ಫೀಸು ಎಷ್ಟು ಎಂದು ಆಫೀಸಿನಲ್ಲಿ ಕೇಳಬೇಡಿ. ಎರಡನೇ ಕ್ಲಾಸಿನ ಮಗುವಿನ ತಾಯಿಯನ್ನು ಗೇಟಿನಲ್ಲಿ ಹಿಡಿದು ‘ಹೋದ ವರ್ಷ ಒಟ್ಟು ಎಷ್ಟಾಯಿತು’ ಎಂದು ಕೇಳಿ.

ಮಾನ್ಯತೆಯ ಕಾಗದ ನೋಡಿ, ಶಾಲೆಯ ಯುಡೈಸ್ ನಂಬರು, ಅಂದರೆ ಪ್ರತಿ ಶಾಲೆಗೂ ಸರಕಾರ ಕೊಡುವ ಗುರುತಿನ ಸಂಖ್ಯೆ, ಕೇಳಿ. 11 ಅಂಕಿ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರು. ಸ್ಟೇಟ್ ಸಿಲೆಬಸ್ಸಾ ಸಿಬಿಎಸ್‌ಇಯಾ ಎನ್ನುವುದನ್ನು ಬೋರ್ಡು ನೋಡಿ ನಂಬಬೇಡಿ. ಮಗಳಿಗೆ ಮಾರ್ಚಿಗೆ 6 ತುಂಬುತ್ತದೆ ಎಂದು ಬರೆದಿದ್ದೀರಿ, ಜೂನ್ 1ಕ್ಕೆ 6 ಆಗಿರಬೇಕೆಂಬ ತಲೆಬಿಸಿ ನಿಮಗಿಲ್ಲ.

ಗಂಡನ ಮಾತು, ‘ಕಾನ್ವೆಂಟಿಗೆ ಹೋಗದಿದ್ದರೆ ಇಂಗ್ಲಿಷ್ ಬರುವುದಿಲ್ಲ.’ ಈ ಮಾತು ನನ್ನ ಅಪ್ಪನೂ ಹೇಳಿದ್ದರು. ನಾನು ಓದಿದ ಶಾಲೆಯಲ್ಲಿ ತುಳು ಮಾತಾಡಿದವನ ಕೊರಳಿಗೆ ಒಂದು ಮರದ ಬಿಲ್ಲೆ ಹಾಕುತ್ತಿದ್ದರು. ಅವನು ಇನ್ನೊಬ್ಬ ತುಳು ಮಾತಾಡಿದವನನ್ನು ಹಿಡಿದುಕೊಟ್ಟರೆ ಬಿಲ್ಲೆ ಅವನಿಗೆ ದಾಟುತ್ತಿತ್ತು. ಸಂಜೆ ಬಿಲ್ಲೆ ಯಾರ ಕೊರಳಲ್ಲಿದೆಯೋ ಅವನಿಗೆ ದಂಡ. ನನಗೆ ಇಂಗ್ಲಿಷ್ ಬಂತು, ಸುಳ್ಳು ಹೇಳುವುದಿಲ್ಲ. ಜತೆಗೆ ಗೆಳೆಯ ಯಾವಾಗ ಬಾಯಿ ಬಿಡುತ್ತಾನೆ ಎಂದು ಕಾಯುವುದೂ ಬಂತು. ಈಗ ಬಿಲ್ಲೆ ಇಲ್ಲ, ದಂಡ ಇದ್ದರೂ ಇರಬಹುದು, ಕೇಳಿ ನೋಡಿ. ಈಗ ನಿಯಮಗಳೂ ಬದಲಾಗಿವೆ. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ ಪ್ರಕಾರ ಯಾವ ಸಿಲೆಬಸ್ಸಿನ ಶಾಲೆಯಾದರೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಹೈಸ್ಕೂಲಿನ ಕಡೆಗೆ ಬಂದಾಗ ತುಳುವನ್ನೂ ಕೊಂಕಣಿಯನ್ನೂ ಮೂರನೇ ಭಾಷೆಯಾಗಿ ತೆಗೆದುಕೊಳ್ಳಲು ಅವಕಾಶವಿದೆ, ಶಾಲೆಯಲ್ಲಿ ಕಲಿಸುವವರು ಇದ್ದರೆ.

ಮನೆಯಲ್ಲಿ ಇಂಗ್ಲಿಷ್ ಓದುವವರು ಯಾರೂ ಇಲ್ಲದಿದ್ದರೆ ಒಂದನೇ ಕ್ಲಾಸಿನಿಂದಲೇ ಟ್ಯೂಷನ್ ಹಿಡಿಯುತ್ತದೆ. ಆ ಖರ್ಚನ್ನೂ ಬಿಸ್ಕೆಟ್ ಡಬ್ಬಕ್ಕೆ ಹಾಕಿ. ಇತ್ತ ಮನೆ ಹತ್ತಿರದ ಕನ್ನಡ ಶಾಲೆಯನ್ನೂ ಕಣ್ಣು ಮುಚ್ಚಿ ಹೊಗಳುವ ಹಾಗಿಲ್ಲ. ಅನುದಾನಿತ ಶಾಲೆಗಳಲ್ಲಿ ರಿಟೈರ್ ಆದವರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಎಷ್ಟು ಕ್ಲಾಸಿಗೆ ಎಷ್ಟು ಟೀಚರ್ ಎಂದು ಅಲ್ಲೂ ಎಣಿಸಿ.

ನಿಮ್ಮ ಪತ್ರದಲ್ಲಿ ಯಾರೂ ಜಗಳ ಆಡದ ಒಂದು ವಿಷಯವಿದೆ, ನನಗೆ ಅದೇ ಜಾಸ್ತಿ ಚಿಂತೆ. ಆ 11 ಕಿಲೋಮೀಟರ್. ಹೋಗಿ ಬರಲು ದಿನಕ್ಕೆ 22. ವ್ಯಾನಿನವನು ಏಳು ಕಾಲಿಗೆ ಬರುತ್ತಾನೆ ಎಂದಿದ್ದೀರಿ. ಅಂದರೆ ಆರು ವರ್ಷದ ಮಗು ಆರು ಗಂಟೆಗೆ ಏಳಬೇಕು, ಜುಲೈ ಮಳೆಯಲ್ಲಿ ಹೈವೇ ಬದಿ ನಿಲ್ಲಬೇಕು. ಡಿಸಿ ರಜೆ ಕೊಟ್ಟದ್ದು ವ್ಯಾನು ಹೊರಟ ಮೇಲೆ ಗೊತ್ತಾಗುವುದೂ ಇದೆಯಲ್ಲ. ವ್ಯಾನಿನಲ್ಲಿ ಎಷ್ಟು ಮಕ್ಕಳು, ಡ್ರೈವರ್ ಬಿಟ್ಟು ಇನ್ನೊಬ್ಬ ದೊಡ್ಡವರು ಇದ್ದಾರಾ, ವ್ಯಾನು ಶಾಲೆಯದ್ದಾ ಖಾಸಗಿಯಾ? ಮಕ್ಕಳ ಸುರಕ್ಷೆಯ ದೂರು ಯಾರು ತೆಗೆದುಕೊಳ್ಳುತ್ತಾರೆ ಎನ್ನುವುದನ್ನೂ ಅಲ್ಲೇ ಕೇಳಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯಿದೆಯಲ್ಲಿ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರ ಮೇಲೂ ಕೇಸು ಆಗುತ್ತದೆ. ಹಾಕಿಕೊಂಡ ಬಟ್ಟೆ ಬಿಳಿಯಾಗಿರಲಿ ಕಾವಿಯಾಗಿರಲಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಶಾಲೆ ಬೇಡ.

ಮಗಳ ಅಡ್ಮಿಶನ್‌ಗೆ ನಾನು ಎರಡು ಶಾಲೆಗೆ ಹೋಗಿದ್ದೆ. ಒಂದರಲ್ಲಿ ಗ್ರಾನೈಟು, ಏಸಿ, ಗೋಡೆ ತುಂಬ ಟ್ರೋಫಿ. ಇನ್ನೊಂದರಲ್ಲಿ ಆಫೀಸಿನ ಹೊರಗೆ ಒಂದು ಮರದ ಬೆಂಚು. ಮಳೆ ಸುರಿಯುತ್ತಿತ್ತು. ಒಬ್ಬ ಪುಟ್ಟ ಹುಡುಗ ಬೆಲ್ಲಾಗಿ ಎಷ್ಟೋ ಹೊತ್ತಾದ ಮೇಲೆ ಬಂದ, ರೇನ್‌ಕೋಟಿನ ಗುಂಡಿ ತೆಗೆಯಲು ಬರುತ್ತಿಲ್ಲ, ಅಳು ಬಾಯಿಗೆ ಬಂದಿದೆ. ಒಳಗಿಂದ ಬಂದ ವಯಸ್ಸಾದ ಸಿಸ್ಟರ್ ಬಗ್ಗಿ ಗುಂಡಿ ತೆಗೆದರು, ಕೋಟು ಕೊಡವಿ ಮೊಳೆಗೆ ನೇತುಹಾಕಿದರು, ‘ಚಾ ಆಂಡಾ?’ (ಚಹಾ ಆಯ್ತಾ?) ಎಂದು ತುಳುವಿನಲ್ಲೇ ಕೇಳಿದರು. ಯಾಕೆ ತಡ ಎಂದು ಕೇಳಿದ್ದು ಆಮೇಲೆ. ಆ ಎರಡು ನಿಮಿಷ ನೋಡಿ ನಾನು ಫಾರಂ ತೆಗೆದುಕೊಂಡೆ. ಬಿಸ್ಕೆಟ್ ಡಬ್ಬದ ಚೀಟಿಗಳು ಬಂದದ್ದೂ ಅದೇ ಶಾಲೆಯಿಂದ.

ಅದಕ್ಕೇ ಹೇಳುವುದು, ಓಪನ್ ಡೇಗೆ ಹೋಗಬೇಡಿ, ಮಾಮೂಲಿ ದಿನ ಹೋಗಿ. ಬೆಳಗ್ಗೆ ಬೆಲ್ಲಾಗುವ ಹೊತ್ತಿಗೆ ಒಮ್ಮೆ, ಶಾಲೆ ಬಿಡುವಾಗ ಒಮ್ಮೆ. ಕನ್ನಡ ಶಾಲೆಗೂ ಹಾಗೆಯೇ. ಹೋಗುವಾಗ ಮಗಳ ಜತೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬೊಟ್ಟಿನ ಪ್ರಶ್ನೆಯನ್ನು ಅವರೇ ಕೇಳಲಿ, ಸಿಸ್ಟರ್ ಹತ್ತಿರ, ತುಳುವಿನಲ್ಲಿ. ಗಂಡನಿಗೆ ವಿಡಿಯೋ ಕಾಲ್ ಮಾಡುವುದಾದರೆ ಗೇಟಿನ ಹೊರಗಿಂದ ಮಾಡಿ, ಒಳಗೆ ಮೊಬೈಲು ತೆಗೆದರೆ ವಾಚ್‌ಮನ್ ಬೈಯುತ್ತಾನೆ.